ಪಶುವೈದ್ಯರ ಮೇಲೆ ದೂರು ಕೊಡುವುದು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಾಕುಪ್ರಾಣಿ ಚಿನ್ನಿ ಆಪರೇಷನ್ ಆದ ಮೂರನೇ ದಿನ ತೀರಿಕೊಂಡಳು. ಯಾರನ್ನು ಕೇಳಬೇಕು, ಎಲ್ಲಿಗೆ ಬರೆಯಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಕಾನೂನು ಓದಿದೆ, ಕಚೇರಿಗಳಿಗೆ ಅಲೆದೆ, ನಾಲ್ಕಾರು ಮಂದಿಗೆ ಅರ್ಜಿ ಬರೆದುಕೊಟ್ಟೆ. ಈಗ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ, ಪಾರ್ಕಿನಲ್ಲಿ ಸಿಕ್ಕರೆ ನಿಲ್ಲಿಸಿ ಕೇಳುತ್ತಾರೆ. ಹೆಚ್ಚು ಕಡಿಮೆ ಎಲ್ಲರೂ ಕೇಳುವುದು ಇವೇ ಪ್ರಶ್ನೆಗಳನ್ನು. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ವಕೀಲೆಯೂ ಅಲ್ಲ, ವೈದ್ಯೆಯೂ ಅಲ್ಲ. ಕರ್ನಾಟಕದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ಕಂಡವಳು, ಅಷ್ಟೇ.

## ಮೊದಲು ತಿಳಿಯಬೇಕಾದ್ದು

ನಾಯಿ ಡಾಕ್ಟರ ಮೇಲೂ ದೂರು ಕೊಡೋಕೆ ಆಗುತ್ತಾ? ಯಾರಿಗೆ ಕೊಡಬೇಕು?

ಆಗುತ್ತದೆ. ಮನುಷ್ಯರ ಡಾಕ್ಟರುಗಳಿಗೆ ಮೆಡಿಕಲ್ ಕೌನ್ಸಿಲ್ ಇರುವ ಹಾಗೆ ಪಶುವೈದ್ಯರಿಗೂ ಒಂದು ಪರಿಷತ್ತಿದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ ಪ್ರಕಾರ ದೆಹಲಿಯಲ್ಲಿ ರಾಷ್ಟ್ರಮಟ್ಟದ ಪರಿಷತ್ತು, ರಾಜ್ಯಗಳಲ್ಲಿ ರಾಜ್ಯ ಪರಿಷತ್ತು ಇವೆ. ನಮ್ಮದು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು, ಕಚೇರಿ ಬೆಂಗಳೂರಿನಲ್ಲಿದೆ. ವೈದ್ಯರ ಹೆಸರು ಯಾವ ರಾಜ್ಯದ ರಿಜಿಸ್ಟರಿನಲ್ಲಿದೆಯೋ ಆ ರಾಜ್ಯದ ಪರಿಷತ್ತಿಗೆ ದೂರು ಹೋಗಬೇಕು. ಬೆಂಗಳೂರಿನಲ್ಲಿ ಕೇರಳ, ತಮಿಳುನಾಡಿನಿಂದ ಬಂದ ವೈದ್ಯರೂ ಇದ್ದಾರೆ. ಅಂಥವರ ನೋಂದಣಿ ಎಲ್ಲಿದೆ ಎಂದು ಮೊದಲು ವಿಚಾರಿಸಿ. ತಿಳಿಯದಿದ್ದರೆ ಇಲ್ಲಿನ ಪರಿಷತ್ತಿನ ರಿಜಿಸ್ಟ್ರಾರ್ ಅವರಿಗೇ ಬರೆಯಿರಿ, ಅವರ ರಿಜಿಸ್ಟರಿನಲ್ಲಿ ಹೆಸರಿದೆಯೇ ಎಂದು ಅದೇ ಪತ್ರದಲ್ಲಿ ಕೇಳಿ.

ಪರಿಷತ್ತು ನಮ್ಮ ದುಡ್ಡು ವಾಪಸ್ ಕೊಡಿಸುತ್ತಾ?

ಇಲ್ಲ. ಎಲ್ಲರಿಗೂ ಬೇಸರವಾಗುವುದು ಈ ಮಾತಿಗೇ. ಪರಿಷತ್ತು ನೋಡುವುದು ಒಂದನ್ನು ಮಾತ್ರ: ಈ ವೈದ್ಯರು ತಮ್ಮ ವೃತ್ತಿಯ ನಿಯಮಕ್ಕೆ ತಕ್ಕ ಹಾಗೆ ನಡೆದುಕೊಂಡರೇ, ಇಲ್ಲವೇ? ತಪ್ಪಿದ್ದರೆ ಎಚ್ಚರಿಕೆ ಕೊಡಬಹುದು. ತಪ್ಪು ದೊಡ್ಡದಾಗಿದ್ದರೆ ರಿಜಿಸ್ಟರಿನಿಂದ ಹೆಸರನ್ನೇ ತೆಗೆಯಬಹುದು, ಒಂದಿಷ್ಟು ವರ್ಷಕ್ಕೋ ಶಾಶ್ವತವಾಗಿಯೋ. ಹೆಸರು ಹೋದರೆ ಅವರು ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಒಬ್ಬ ವೈದ್ಯರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ.

ಬಿಲ್ಲಿನ ಹಣ, ನಷ್ಟ ಪರಿಹಾರ, ಮನಸ್ಸಿಗಾದ ನೋವಿಗೆ ಪರಿಹಾರ ಇವೆಲ್ಲ ಗ್ರಾಹಕ ಆಯೋಗದ ಕೆಲಸ. ಅದನ್ನು ಮುಂದೆ ಹೇಳಿದ್ದೇನೆ. ದೂರು ಬರೆಯುವ ಮೊದಲು ನಿಮಗೆ ಬೇಕಾಗಿರುವುದು ಏನು ಎಂದು ಒಂದು ದಿನ ಕೂತು ಯೋಚಿಸಿ. ಇನ್ನೊಬ್ಬರ ನಾಯಿಗೆ ಹೀಗಾಗಬಾರದು ಅನ್ನುವುದಾದರೆ ಪರಿಷತ್ತು. ಖರ್ಚಾದ 40 ಸಾವಿರ ವಾಪಸ್ ಬೇಕು ಅನ್ನುವುದಾದರೆ ಆಯೋಗ. ಎರಡೂ ಬೇಕಿದ್ದರೆ ಎರಡೂ ಕಡೆ ಹೋಗಬಹುದು.

ನಾಯಿ ಸತ್ತೇಹೋಯ್ತು. ಡಾಕ್ಟರ ತಪ್ಪು ಅನ್ನೋಕೆ ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಈ ಮಾತನ್ನು ಅಳುತ್ತಿರುವವರಿಗೆ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಪಾರ್ವೋ ಅನ್ನುವ ವಾಂತಿ ಭೇದಿಯ ವೈರಸ್ ರೋಗ ಬಂದ ಮರಿಯನ್ನು ಹಗಲು ರಾತ್ರಿ ಡ್ರಿಪ್ ಹಾಕಿ ನೋಡಿಕೊಂಡರೂ ಕೆಲವು ಉಳಿಯುವುದಿಲ್ಲ. ಉಣ್ಣೆ ಹುಳ ಕಚ್ಚಿ ಬರುವ ಜ್ವರ ತಡವಾಗಿ ಗೊತ್ತಾದರೆ ರಕ್ತ ಅಷ್ಟರಲ್ಲೇ ಇಳಿದುಹೋಗಿರುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಅರಿವಳಿಕೆ ಕೊಡುವುದೇ ಒಂದು ಸವಾಲು.

ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಒಂದು ಅಳತೆಗೋಲು ಹೇಳಿದೆ. ಸಾಮಾನ್ಯ ಅರಿವುಳ್ಳ ಒಬ್ಬ ವೈದ್ಯ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದನೋ ಅದನ್ನು ಇವರು ಮಾಡಿದರೇ ಎಂದು ನೋಡಬೇಕು. ಫಲ ಕೆಟ್ಟದಾಯಿತು ಅನ್ನುವ ಒಂದೇ ಕಾರಣಕ್ಕೆ ನಿರ್ಲಕ್ಷ್ಯ ಅನ್ನುವ ಹಾಗಿಲ್ಲ. ಅದು ಮನುಷ್ಯರ ವೈದ್ಯರ ವಿಷಯದಲ್ಲಿ ಬಂದ ತೀರ್ಪು. ಆದರೆ ಪಶುವೈದ್ಯರ ವಿಷಯದಲ್ಲೂ ಜನ ಹಿಡಿಯುವುದು ಅದೇ ಅಳತೆಯನ್ನು. ಹಾಗಾಗಿ ನಿಮ್ಮ ದೂರಿನಲ್ಲಿ "ನಾಯಿ ಸತ್ತಿತು" ಅನ್ನುವುದರ ಜೊತೆಗೆ, ಮಾಡಬೇಕಾಗಿದ್ದ ಯಾವುದನ್ನು ಮಾಡಲಿಲ್ಲ, ಮಾಡಬಾರದ ಯಾವುದನ್ನು ಮಾಡಿದರು ಅನ್ನುವುದು ಇರಬೇಕು.

ಬಿಲ್ ಜಾಸ್ತಿ ಹಾಕಿದ್ರು, ಒರಟಾಗಿ ಮಾತಾಡಿದ್ರು. ಇದಕ್ಕೂ ಪರಿಷತ್ತಿಗೆ ಹೋಗಬಹುದಾ?

ಹೋದರೆ ಹೆಚ್ಚು ಪ್ರಯೋಜನವಿಲ್ಲ. ಖಾಸಗಿ ಕ್ಲಿನಿಕ್ಕಿನ ದರ ನಿಗದಿ ಮಾಡುವುದು ಪರಿಷತ್ತಿನ ಕೆಲಸವಲ್ಲ. ಮಾಡದ ಪರೀಕ್ಷೆಗೆ ಬಿಲ್ ಹಾಕಿದ್ದರೆ ಅದು ಬೇರೆ ಮಾತು, ಅದು ಮೋಸ. ಒರಟು ಮಾತಿಗೆ ಮೊದಲು ಕ್ಲಿನಿಕ್ಕಿನ ಮುಖ್ಯಸ್ಥರಿಗೇ ಒಂದು ಪತ್ರ ಬರೆಯಿರಿ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ.

ಅವರು ನಿಜವಾಗ್ಲೂ ಡಾಕ್ಟರಾ ಅಂತ ಹೇಗೆ ಗೊತ್ತಾಗುತ್ತೆ?

ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಅನ್ನುವ ಪದವಿ ಇರಬೇಕು, ಪರಿಷತ್ತಿನಲ್ಲಿ ನೋಂದಣಿ ಇರಬೇಕು. ಎರಡೂ ಇದ್ದರೆ ಮಾತ್ರ ಪಶುವೈದ್ಯ. ಔಷಧಿ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ, ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಪ್ರಾಣಿಯನ್ನು ಬಿಡಬೇಡಿ.

ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದವರು ಪಶುವೈದ್ಯ ವೃತ್ತಿ ಮಾಡುವಂತಿಲ್ಲ. ಒಂದು ರಿಯಾಯಿತಿ ಇದೆ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದ ಸಹಾಯಕರು ಲಸಿಕೆ ಹಾಕುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಮುಂತಾದ ಸಣ್ಣ ಕೆಲಸಗಳನ್ನು ರಾಜ್ಯ ಸರ್ಕಾರದ ಆದೇಶವಿದ್ದರೆ ಮಾಡಬಹುದು, ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ. ಕಾಂಪೌಂಡರ್ ಒಬ್ಬರೇ ಮನೆಗೆ ಬಂದು ಹೊಟ್ಟೆ ಕೊಯ್ದರೆ ಅದು ಅಪರಾಧ. ಅಂಥವರ ವಿಷಯ ಪರಿಷತ್ತಿಗೂ ಬರೆಯಿರಿ, ಪೊಲೀಸರಿಗೂ ಕೊಡಿ. ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವರ ಹೆಸರನ್ನು ಪರಿಷತ್ತು ತೆಗೆಯುವುದಾದರೂ ಎಲ್ಲಿಂದ? ಅದಕ್ಕೇ ಪೊಲೀಸರು ಬೇಕು.

## ಕಾಗದ, ಸಾಕ್ಷಿ

ಇವತ್ತು ಬೆಳಿಗ್ಗೆ ಹೋಗಿಬಿಡ್ತು. ಈಗ ಮೊದಲು ಏನು ಮಾಡಲಿ?

ಮಣ್ಣು ಮಾಡಬೇಡಿ. ಸುಡಬೇಡಿ. ಇನ್ನೊಂದು ಅರ್ಧ ದಿನ ತಡೆಯಿರಿ.

ಚಿನ್ನಿ ಹೋದಾಗ ನಾನು ಎರಡು ಗಂಟೆಯೊಳಗೆ ಹಿತ್ತಲಿನ ಸೀಬೆ ಮರದ ಬುಡದಲ್ಲಿ ಗುಂಡಿ ತೋಡಿಸಿದೆ. ಅವಳ ಹಳದಿ ಟವೆಲ್ ಸುತ್ತಿ ಇಳಿಸಿದೆ. ಅವಳನ್ನು ಮತ್ತೆ ಕೊಯ್ಯುವುದು ಬೇಡ ಅನ್ನಿಸಿತ್ತು. ವಾರ ಕಳೆದು ದೂರು ಬರೆಯಲು ಕೂತಾಗ ಒಂದೊಂದು ಸಾಲಿಗೂ ಅದೇ ಪ್ರಶ್ನೆ ಎದುರಾಯಿತು: ಸತ್ತಿದ್ದು ಯಾತರಿಂದ? ಒಳಗೆ ರಕ್ತ ಸುರಿದು ಸತ್ತಳೋ, ಹೃದಯ ನಿಂತು ಸತ್ತಳೋ? ಉತ್ತರ ಮಣ್ಣಿನೊಳಗೆ ಹೋಗಿತ್ತು. ನನ್ನ ದೂರು ಅಲ್ಲಿಗೇ ಮುಗಿಯಿತು.

ಹಾಗಾಗಿ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಹಾಸನ, ಶಿವಮೊಗ್ಗ, ಬೀದರ್‌ನಲ್ಲೂ ಕಾಲೇಜುಗಳಿವೆ. ಬೇರೆ ಊರಿನವರು ತಾಲ್ಲೂಕು ಅಥವಾ ಜಿಲ್ಲಾ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಯಾರ ಮೇಲೆ ದೂರಿದೆಯೋ ಅವರ ಕ್ಲಿನಿಕ್ಕಿನಲ್ಲೇ ಮಾಡಿಸಬೇಡಿ. ಹೊರಡುವ ಮೊದಲು ಫೋನ್ ಮಾಡಿ ಎಷ್ಟು ಹೊತ್ತಿನೊಳಗೆ ತರಬೇಕು, ಯಾವ ಪತ್ರ ಬೇಕು ಎಂದು ಕೇಳಿಕೊಳ್ಳಿ.

ದೇಹವನ್ನು ತಂಪಾಗಿಡಬೇಕು, ಆದರೆ ಗಟ್ಟಿಯಾಗುವ ಹಾಗೆ ಫ್ರೀಜರಿನಲ್ಲಿ ಇಡಬಾರದು. ಹೆಪ್ಪುಗಟ್ಟಿದರೆ ಒಳಗಿನ ಜೀವಕೋಶಗಳು ಒಡೆದುಹೋಗುತ್ತವೆ, ಮೈಕ್ರೋಸ್ಕೋಪಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸುತ್ತಲೂ ಐಸ್ ಪ್ಯಾಕ್ ಇಟ್ಟು, ಆದಷ್ಟು ಬೇಗ ಕೊಂಡೊಯ್ಯಿರಿ. ನಮ್ಮ ಸೆಕೆಯಲ್ಲಿ ಒಂದು ರಾತ್ರಿ ಹೊರಗೆ ಬಿಟ್ಟರೂ ದೇಹ ಕೆಟ್ಟುಹೋಗುತ್ತದೆ.

ಕ್ಲಿನಿಕ್‌ನವರು ಕೇಸ್ ಶೀಟ್ ಕೊಡ್ತಾ ಇಲ್ಲ. ಏನು ಮಾಡೋದು?

ಬಾಯಲ್ಲಿ ಕೇಳುವುದನ್ನು ನಿಲ್ಲಿಸಿ, ಬರೆದು ಕೇಳಿ. ಒಂದು ಪುಟದ ಪತ್ರ ಸಾಕು: ಪ್ರಾಣಿಯ ಹೆಸರು, ತೋರಿಸಿದ ದಿನಾಂಕಗಳು, ಬೇಕಾದ ಕಾಗದಗಳ ಪಟ್ಟಿ. ಕೇಸ್ ಶೀಟ್, ಅರಿವಳಿಕೆಯ ದಾಖಲೆ, ರಕ್ತ ಪರೀಕ್ಷೆಯ ವರದಿ, ಎಕ್ಸ್‌ರೇ, ಸ್ಕ್ಯಾನ್ ಎಲ್ಲದರ ಹೆಸರು ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಇಮೇಲನ್ನೂ ಹಾಕಿ. ಮನುಷ್ಯರ ವೈದ್ಯರಿಗೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ನಿಯಮವಿದೆ. ಅದನ್ನು ಇಲ್ಲಿ ತೋರಿಸಿ ವಾದ ಮಾಡಬೇಡಿ, ಅದು ಪಶುವೈದ್ಯರಿಗೆ ಬರೆದ ನಿಯಮವಲ್ಲ. ಕೊಡದಿದ್ದರೂ ನೀವು ಕೇಳಿದ್ದೀರಿ ಅನ್ನುವುದಕ್ಕೆ ಕಾಗದ ಉಳಿಯುತ್ತದೆ. ದೂರಿನಲ್ಲಿ "ಇಂಥ ದಿನ ಕೇಳಿದೆ, ಕೊಡಲಿಲ್ಲ" ಎಂದು ಬರೆದು, ಆ ದಾಖಲೆಗಳನ್ನು ತರಿಸಬೇಕೆಂದು ಕೇಳಿಕೊಳ್ಳಿ.

ಮನೆಯಲ್ಲಿರುವುದನ್ನೂ ಕಡೆಗಣಿಸಬೇಡಿ. ಲಸಿಕೆ ಪುಸ್ತಕ, ಮಾತ್ರೆಯ ಖಾಲಿ ಸ್ಟ್ರಿಪ್, ಯುಪಿಐ ಪಾವತಿಯ ಸಮಯ, ವಾಟ್ಸಾಪ್ ಮಾತುಕತೆ ಎಲ್ಲವೂ ಸಾಕ್ಷಿ. ಫೋನ್ ಬದಲಾಯಿಸುವ ಮೊದಲು ಆ ಚಾಟ್ ಉಳಿಸಿಕೊಳ್ಳಿ.

ನಮ್ಮ ಬೀದಿಯವರೊಬ್ಬರ ಡ್ಯಾಶ್‌ಹಂಡ್ ಹಲ್ಲು ಕೀಳಿಸಲು ಹೋಗಿ ಮೇಜಿನ ಮೇಲೇ ಪ್ರಾಣ ಬಿಟ್ಟಿತು. ಆಕೆ ಒಂದು ಗಂಟೆ ಫೋನಿನಲ್ಲಿ ಅತ್ತರು, ಡಾಕ್ಟರಿಗೆ ಕರುಣೆಯೇ ಇಲ್ಲ ಅಂದರು. ಸಂಜೆ ಊಟದ ಮೇಜಿನ ಮೇಲೆ ಕಾಗದಗಳನ್ನೆಲ್ಲ ಹರಡಿ ಕೂತೆವು. ಎರಡು ವಾರದ ಹಿಂದಿನ ಲಸಿಕೆ ಪುಸ್ತಕದಲ್ಲಿ ತೂಕ 7 ಕೆ.ಜಿ. ಅರಿವಳಿಕೆಯ ಹಾಳೆಯಲ್ಲಿ 11 ಕೆ.ಜಿ. ಇಬ್ಬರೂ ಸುಮ್ಮನೆ ಆ ಹಾಳೆಯನ್ನೇ ನೋಡುತ್ತಾ ಕೂತೆವು. ಅರಿವಳಿಕೆ ಔಷಧಿಯ ಪ್ರಮಾಣ ನಿರ್ಧಾರವಾಗುವುದೇ ತೂಕದ ಮೇಲೆ. ಅವರ ದೂರು ಅರ್ಧ ಪುಟಕ್ಕಿಂತ ಜಾಸ್ತಿ ಆಗಲಿಲ್ಲ. ಪರಿಷತ್ತು ಕೇಳಿದ ಮೊದಲ ಪ್ರಶ್ನೆ: ಆ ದಿನ ನಾಯಿಯನ್ನು ತೂಗಿದಿರಾ? ವೈದ್ಯರ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಅವರಿಗೆ ಎಚ್ಚರಿಕೆ ಹೋಯಿತು.

ಆಪರೇಷನ್‌ಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೆ. ಇನ್ನು ದೂರು ಕೊಡೋಕಾಗಲ್ಲ ಅಲ್ವಾ?

ಕೊಡಬಹುದು. ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಇರುತ್ತದೆ ಎಂದು ನೀವು ಒಪ್ಪಿದ್ದೀರಿ. ವೈದ್ಯರು ಅಜಾಗರೂಕತೆ ಮಾಡಿದರೂ ಸರಿ ಎಂದು ಒಪ್ಪಿಲ್ಲ. ಆದರೆ ಆ ಹಾಳೆಯಲ್ಲಿ ಏನು ಬರೆದಿತ್ತು, ನಿಮಗೆ ಓದಲು ಕೊಟ್ಟರೇ, ಕನ್ನಡದಲ್ಲಿ ವಿವರಿಸಿದರೇ ಅನ್ನುವುದು ಮುಖ್ಯ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನೂ ಬರೆಯಿರಿ.

ನಾನೂ ಒಂದು ತಪ್ಪು ಮಾಡಿದ್ದೆ, ಬೆಕ್ಕಿಗೆ ಅರ್ಧ ಪ್ಯಾರಾಸಿಟಮಾಲ್ ಕೊಟ್ಟಿದ್ದೆ. ಹೇಳಲೇಬೇಕಾ?

ಹೇಳಲೇಬೇಕು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು. ಇದನ್ನು ಓದುವ ಪ್ರತಿಯೊಬ್ಬರೂ ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಮುಚ್ಚಿಟ್ಟರೆ ವೈದ್ಯರ ಉತ್ತರದಲ್ಲಿ ಆ ಸಂಗತಿ ಹೊರಗೆ ಬರುತ್ತದೆ, ಆಮೇಲೆ ನಿಮ್ಮ ಬೇರೆ ಮಾತನ್ನೂ ಯಾರೂ ನಂಬುವುದಿಲ್ಲ. ನೀವು ವೈದ್ಯರಿಗೆ ಅದನ್ನು ಹೇಳಿದ್ದೀರಾ, ಹೇಳಿದ ಮೇಲೆ ಅವರು ಏನು ಮಾಡಿದರು ಅನ್ನುವುದೇ ಇಲ್ಲಿ ನಿಜವಾದ ಪ್ರಶ್ನೆ. ತಿಳಿಯದೆ ಆದ ತಪ್ಪಿಗೆ ನಿಮ್ಮನ್ನು ನೀವು ಹಿಂಸೆ ಮಾಡಿಕೊಳ್ಳಬೇಡಿ.

## ದೂರು ಬರೆದು ಕಳಿಸುವುದು

ದೂರಿನಲ್ಲಿ ಏನು ಬರೀಬೇಕು? ನಂಗೆ ಬರೆಯೋಕೆ ಕೂತ್ರೆ ಅಳುನೇ ಬರುತ್ತೆ.

ಅಳು ಬರಲಿ. ಮೊದಲ ದಿನ ಮನಸ್ಸಿಗೆ ಬಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡಿ, ಅದು ನಿಮಗಾಗಿ. ಕಳಿಸುವ ದೂರನ್ನು ಬೇರೆ ಹಾಳೆಯಲ್ಲಿ ಬರೆಯಿರಿ.

ಮೇಲೆ ನಿಮ್ಮ ಹೆಸರು, ವಿಳಾಸ, ಫೋನ್. ಆಮೇಲೆ ವೈದ್ಯರ ಹೆಸರು, ಕ್ಲಿನಿಕ್ಕಿನ ವಿಳಾಸ, ಗೊತ್ತಿದ್ದರೆ ನೋಂದಣಿ ಸಂಖ್ಯೆ. ಕ್ಲಿನಿಕ್ಕಿನ ಮೇಲಲ್ಲ, ವೈದ್ಯರ ಮೇಲೆ ದೂರು ಅನ್ನುವುದು ನೆನಪಿರಲಿ. ರಿಜಿಸ್ಟರಿನಲ್ಲಿ ಇರುವುದು ವ್ಯಕ್ತಿಗಳ ಹೆಸರು. ಮೂವರು ವೈದ್ಯರು ನೋಡಿದ್ದರೆ ಯಾರು ಯಾವಾಗ ಏನು ಮಾಡಿದರು ಎಂದು ಬಿಡಿಸಿ ಹೇಳಬೇಕು.

ಆಮೇಲೆ ನಡೆದದ್ದನ್ನು ದಿನಾಂಕ, ಗಂಟೆ ಹಾಕಿ ಬರೆಯಿರಿ. ನಾನು ಒಬ್ಬರಿಗೆ ಬರೆದುಕೊಟ್ಟ ದೂರಿನ ಒಂದು ತುಂಡು ಹೀಗಿತ್ತು:

"ಬೆಳಿಗ್ಗೆ 10.30ಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದರು. ಅದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಲಿಲ್ಲ. ಮಧ್ಯಾಹ್ನ 1ಕ್ಕೆ ಮನೆಗೆ ಕಳಿಸಿದರು. ಸಂಜೆ 6.10ಕ್ಕೆ ವಸಡು ಬಿಳಿಚಿಕೊಂಡಿತ್ತು, ಹೊಟ್ಟೆ ಉಬ್ಬಿತ್ತು. ಫೋಟೋ ಕಳಿಸಿದೆ. 6.40ಕ್ಕೆ 'ನಾಳೆ ಕರೆದುಕೊಂಡು ಬನ್ನಿ' ಎಂದು ಉತ್ತರ ಬಂತು. ರಾತ್ರಿ 11ಕ್ಕೆ ಉಸಿರು ನಿಂತಿತು."

ಇಲ್ಲಿ ಒಂದೂ ಬೈಗುಳವಿಲ್ಲ. ಆದರೆ ವಸಡು ಬಿಳಿಚಿಕೊಳ್ಳುವುದು ಒಳಗೆ ರಕ್ತ ಸೋರುತ್ತಿರುವ ಲಕ್ಷಣ ಇರಬಹುದು ಎಂದು ಪಶುವೈದ್ಯರಿಗೆಲ್ಲ ಗೊತ್ತು. ಓದುವವರು 6.10 ಮತ್ತು 6.40ರ ನಡುವೆ ನಿಲ್ಲುತ್ತಾರೆ. "ಕಟುಕ", "ದುಡ್ಡಿನ ಪಿಶಾಚಿ" ಅನ್ನುವ ಮಾತುಗಳು ಬಂದರೆ ಓದುವವರ ಗಮನ ನಿಮ್ಮ ಸಿಟ್ಟಿನ ಕಡೆ ಹೋಗುತ್ತದೆ.

ಕೊನೆಯಲ್ಲಿ ನಿಮ್ಮ ಆಕ್ಷೇಪಗಳನ್ನು ಎರಡೋ ಮೂರೋ ವಾಕ್ಯದಲ್ಲಿ ಹೇಳಿ, ಕಾಗದಗಳಿಗೆ ನಂಬರ್ ಹಾಕಿ ಪ್ರತಿ ಲಗತ್ತಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ.

ವಕೀಲರು ಬೇಕಾ? ಕನ್ನಡದಲ್ಲಿ ಬರೆದ್ರೆ ತಗೊಳ್ತಾರಾ?

ವಕೀಲರಿಲ್ಲದೆ ನೀವೇ ಬರೆಯಬಹುದು. ಕನ್ನಡ ನಮ್ಮ ರಾಜ್ಯದ ಆಡಳಿತ ಭಾಷೆ, ಧೈರ್ಯವಾಗಿ ಕನ್ನಡದಲ್ಲಿ ಬರೆಯಿರಿ. ಸಹಿ ಇಲ್ಲದ ಪತ್ರಕ್ಕೆ, ಹೆಸರು ಮುಚ್ಚಿಟ್ಟ ಪತ್ರಕ್ಕೆ ಬೆಲೆ ಇರುವುದಿಲ್ಲ. ನೋಟರಿ ಮಾಡಿಸಿದ ಅಫಿಡವಿಟ್ ಕೇಳಬಹುದು, ಎಷ್ಟು ಪ್ರತಿ ಬೇಕು ಅನ್ನುವುದೂ ಇರುತ್ತದೆ. ಕಚೇರಿಗೆ ಒಂದು ಫೋನ್ ಮಾಡಿ ಕೇಳಿಕೊಂಡರೆ ಎರಡನೇ ಓಡಾಟ ತಪ್ಪುತ್ತದೆ. ಕೈಯಲ್ಲೇ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ.

ದೂರು ಕೊಟ್ಟ ಮೇಲೆ ಒಳಗೆ ಏನು ನಡೆಯುತ್ತೆ?

ಮೊದಲು ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡುತ್ತಾರೆ. ಈ ವೈದ್ಯರು ನಮ್ಮ ರಿಜಿಸ್ಟರಿನಲ್ಲಿ ಇದ್ದಾರಾ, ದೂರು ವೃತ್ತಿಯ ನಡತೆಗೆ ಸಂಬಂಧಿಸಿದ್ದಾ ಎಂದು. ಆಮೇಲೆ ದೂರಿನ ಪ್ರತಿ ವೈದ್ಯರಿಗೆ ಹೋಗುತ್ತದೆ, ಅವರ ಉತ್ತರ ಕೇಳುತ್ತಾರೆ. ನಿಮ್ಮ ಹೆಸರು ಅವರಿಗೆ ತಿಳಿದೇ ತಿಳಿಯುತ್ತದೆ. ಉತ್ತರದಿಂದ ತೃಪ್ತಿಯಾಗದಿದ್ದರೆ ವಿಚಾರಣೆ. ರಿಜಿಸ್ಟರಿನಿಂದ ಹೆಸರು ತೆಗೆಯುವ ಮೊದಲು ವೈದ್ಯರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಎಂದು ಕಾಯ್ದೆ ಹೇಳುತ್ತದೆ, ಅವರು ವಕೀಲರನ್ನೂ ಇಟ್ಟುಕೊಳ್ಳಬಹುದು.

ಪರಿಷತ್ತು ತೂಗಿ ನೋಡುವುದು 1992ರಲ್ಲಿ ಬಂದ ವೃತ್ತಿ ನಡತೆ ಮತ್ತು ನೀತಿ ಸಂಹಿತೆಯ ನಿಯಮಗಳ ಮೇಲೆ. ನಿಮ್ಮ ಆಕ್ಷೇಪ ಅದರಲ್ಲಿ ಯಾವ ನಿಯಮಕ್ಕೆ ಹೊಂದುತ್ತದೆ ಎಂದು ಹುಡುಕಿ ದೂರಿನಲ್ಲಿ ಸೇರಿಸಿದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ವಿಚಾರಣೆಗೆ ಕರೆದಿದ್ದಾರೆ. ಭಯ ಆಗ್ತಿದೆ.

ಅದು ಸಿನಿಮಾದ ಕೋರ್ಟಿನ ಹಾಗಿರುವುದಿಲ್ಲ. ಒಂದು ಮೇಜು, ಅದರ ಸುತ್ತ ನಾಲ್ಕಾರು ಹಿರಿಯರು, ಎದುರಿಗೆ ಆ ವೈದ್ಯರೂ ಇರಬಹುದು. ದಿನಾಂಕಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ. ಮಾತು ಹೊರಡದಿದ್ದರೆ ಒಂದು ಲೋಟ ನೀರು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಆರು ತಿಂಗಳಾಯ್ತು, ಒಂದು ಉತ್ತರನೂ ಇಲ್ಲ.

ಮೊದಲು ನೆನಪೋಲೆ ಕಳಿಸಿ. ಆಮೇಲೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಪರಿಷತ್ತು ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. "ನನ್ನ ದೂರು ಯಾರ ಮೇಜಿನ ಮೇಲಿದೆ, ವೈದ್ಯರಿಗೆ ನೋಟಿಸ್ ಯಾವ ದಿನ ಹೋಯಿತು, ಅವರ ಉತ್ತರದ ಪ್ರತಿ ಕೊಡಿ" ಎಂದು ಕೇಳಿ. "ಯಾಕೆ ತಡ?" ಎಂದು ಕೇಳಬೇಡಿ. ದಾಖಲೆ ಕೇಳಿದರೆ ದಾಖಲೆ ಸಿಗುತ್ತದೆ, ಕಾರಣ ಕೇಳಿದರೆ ನೆಪ ಸಿಗುತ್ತದೆ.

## ಇನ್ನೂ ಮುಂದೆ ಹೋಗುವವರಿಗೆ

ಅವರೆಲ್ಲ ಡಾಕ್ಟರುಗಳೇ. ಒಬ್ಬರನ್ನೊಬ್ಬರು ಬಿಟ್ಟುಕೊಡ್ತಾರಾ?

ಪರಿಷತ್ತಿನಲ್ಲಿ ಹೆಚ್ಚಿನವರು ಪಶುವೈದ್ಯರೇ, ನಿಜ. ಈ ಅನುಮಾನ ಸುಳ್ಳು ಎಂದು ನಾನು ಹೇಳಲಾರೆ. ಪ್ರಾಣಿ ಸಾಕುವವರ ಪರವಾಗಿ ಮಾತಾಡುವವರೂ ಅಲ್ಲಿ ಕೂರಬೇಕು, ತೀರ್ಮಾನಗಳು ಎಲ್ಲರಿಗೂ ಓದಲು ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದೇ ಹೊತ್ತಿಗೆ ಇನ್ನೊಂದು ಮಾತೂ ಇದೆ. ಅರಿವಳಿಕೆಯ ಹಾಳೆ ನೋಡಿ ಇದು ತಪ್ಪು ಎಂದು ಹೇಳಲು ಅದನ್ನು ಓದಲು ಬರುವವರೇ ಬೇಕು. ಒಳ್ಳೆಯ ವೈದ್ಯರಿಗೆ ಕೆಟ್ಟ ಕೆಲಸ ಕಂಡರೆ ನಮಗಿಂತ ಜಾಸ್ತಿ ಸಿಟ್ಟು ಬರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಾಧ್ಯವಾದರೆ ಇನ್ನೊಬ್ಬ ಪಶುವೈದ್ಯರಿಂದ ಲಿಖಿತ ಅಭಿಪ್ರಾಯ ಪಡೆದು ಲಗತ್ತಿಸಿ. ಬರೆದುಕೊಡಲು ಹಿಂಜರಿಯುತ್ತಾರೆ. ಬೇರೆ ಜಿಲ್ಲೆಯವರನ್ನು, ಕಾಲೇಜಿನಿಂದ ನಿವೃತ್ತರಾದವರನ್ನು ಕೇಳಿ ನೋಡಿ.

ಗ್ರಾಹಕ ಆಯೋಗಕ್ಕೆ ಹೋಗೋದು ಹೇಗೆ?

ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಪಶುವೈದ್ಯರ ಮೇಲೂ ಅದೇ ದಾರಿಯಲ್ಲಿ ದೂರುಗಳು ಹೋಗುತ್ತವೆ. ಈಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ನೀವು ಸೇವೆಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, ಅಂದರೆ ನಮ್ಮ ಎಲ್ಲರ ದೂರೂ ಅಲ್ಲೇ. 5 ಲಕ್ಷದವರೆಗೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ವಕೀಲರು ಕಡ್ಡಾಯವಲ್ಲ. ಮೊದಲು ಸಲಹೆ ಬೇಕಿದ್ದರೆ 1915 ಸಹಾಯವಾಣಿ ಇದೆ.

ಮುಖ್ಯವಾದದ್ದು ಅವಧಿ. ಘಟನೆ ನಡೆದ 2 ವರ್ಷದೊಳಗೆ ದೂರು ಹೋಗಬೇಕು. ಪರಿಷತ್ತಿನ ತೀರ್ಮಾನ ಬರಲಿ, ಆಮೇಲೆ ನೋಡೋಣ ಎಂದು ಕೂತವರ ಕೈಯಿಂದ ಈ 2 ವರ್ಷ ಜಾರಿಹೋಗುವುದನ್ನು ಕಂಡಿದ್ದೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪೊಲೀಸ್ ಕಂಪ್ಲೇಂಟ್ ಕೊಟ್ರೆ ಬೇಗ ಆಗಲ್ವಾ?

ವೈದ್ಯರ ಅಜಾಗರೂಕತೆಗೆ ಪೊಲೀಸ್ ಠಾಣೆ ಸರಿಯಾದ ಜಾಗವಲ್ಲ. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗವಿಕಲ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಅಪರಾಧ, 5 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಅದು ಬೇಕೆಂದೇ ಕೇಡು ಮಾಡಿದವರಿಗೆ. ಕ್ಲಿನಿಕ್ಕಿನಲ್ಲಿ ಪ್ರಾಣಿಯನ್ನು ಹೊಡೆದಿದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರಲ್ಲಿ ಮೊದಲ ಸಲದ ದಂಡ ಇಂದಿಗೂ 10ರಿಂದ 50 ರೂಪಾಯಿ. ಒಂದು ಜೀವಕ್ಕೆ ಕೊಟ್ಟ ಹಿಂಸೆಗೆ 50 ರೂಪಾಯಿ ಅನ್ನುವುದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಮ್ಮ ಹಸು ಸತ್ತಿತು. ಇದೆಲ್ಲ ನಾಯಿ, ಬೆಕ್ಕಿನವರಿಗೆ ಮಾತ್ರವಾ?

ಅಲ್ಲ. ರಿಜಿಸ್ಟರ್ ಒಂದೇ, ನಿಯಮವೂ ಒಂದೇ. ಹಸು, ಎಮ್ಮೆ, ಕುರಿ, ಕೋಳಿ ಯಾವುದಾದರೂ ಸರಿ. ಸರ್ಕಾರಿ ವೈದ್ಯರ ಮೇಲೂ ಪರಿಷತ್ತಿಗೆ ದೂರು ಕೊಡಬಹುದು. ಅದರ ಜೊತೆಗೆ ಪಶುಪಾಲನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೂ ಕೊಡಿ, ಯಾಕೆಂದರೆ ಅವರು ಇಲಾಖೆಯ ನೌಕರರು. ಲಂಚ ಕೇಳಿದ್ದರೆ ಲೋಕಾಯುಕ್ತಕ್ಕೆ ಹೋಗಿ. ಗ್ರಾಹಕ ಆಯೋಗದ ದಾರಿ ಇಲ್ಲಿ ಕಷ್ಟ. ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಆ ಕಾನೂನಿನ ಹೊರಗೆ, ನಾಮಕಾವಸ್ತೆ ಚೀಟಿ ಶುಲ್ಕ ಕೊಟ್ಟರೂ ಅಷ್ಟೇ.

ಹಸುವಿಗೆ ವಿಮೆ ಇದ್ದರೆ ಅದರ ಕಿವಿಗೆ ಹಾಕಿದ ಗುರುತಿನ ಓಲೆಯನ್ನು ಕಳೆದುಕೊಳ್ಳಬೇಡಿ, ಮರಣೋತ್ತರ ಪರೀಕ್ಷೆ ಆಗುವವರೆಗೆ ಹೂಳಬೇಡಿ. ಹಾಲು ಮಾರಿ ಬದುಕುವ ಮನೆಗೆ ಒಂದು ಹಸು ಅಂದರೆ ಎಷ್ಟು ಅನ್ನುವುದು ನನಗೆ ಗೊತ್ತು.

ನೋವಿಗೆ ಕೊಟ್ಟ ಇಂಜೆಕ್ಷನ್ ಯಾವುದು ಎಂದೂ ನೋಡಿ. ಆ ಔಷಧಿ ಪಡೆದ ಪಶುಗಳ ಹೆಣ ತಿಂದು ರಣಹದ್ದುಗಳು ಸಾಯುತ್ತಿವೆ ಎಂದು ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಚೀಟಿಯಲ್ಲಿ ಆ ಹೆಸರು ಕಂಡರೆ ಅದೊಂದೇ ದೂರಿಗೆ ಸಾಕು.

ನಾಯಿ ನೋಡದೇನೇ ರೇಬೀಸ್ ಲಸಿಕೆ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಇದು ದೊಡ್ಡ ವಿಷಯನಾ?

ತುಂಬಾ ದೊಡ್ಡದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಸುಳ್ಳು ಸರ್ಟಿಫಿಕೇಟ್ ನಂಬಿ ಒಂದು ಮಗು ಆ ನಾಯಿಯ ಜೊತೆ ಆಡುತ್ತಿರುತ್ತದೆ. ಪ್ರಾಣಿ ಸತ್ತಿಲ್ಲ, ಯಾರಿಗೂ ನಷ್ಟವಾಗಿಲ್ಲ ಎಂದು ಸುಮ್ಮನಿರಬೇಡಿ. ಲಸಿಕೆಯ ಲೇಬಲ್, ಬ್ಯಾಚ್ ನಂಬರ್ ಇಲ್ಲದ ಸರ್ಟಿಫಿಕೇಟ್, ಮೊದಲೇ ಸಹಿ ಹಾಕಿಟ್ಟ ಖಾಲಿ ಪುಸ್ತಕ ಕಂಡರೆ ಫೋಟೋ ತೆಗೆದು ಪರಿಷತ್ತಿಗೆ ಬರೆಯಿರಿ. ಇಲ್ಲಿ ಸಾಕ್ಷಿ ಕಾಗದದ ಮೇಲೇ ಇರುತ್ತದೆ.

ಪೆಟ್ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ವಿ, ಗ್ರೂಮಿಂಗ್‌ನಲ್ಲಿ ಗಾಯ ಮಾಡಿದ್ರು...

ಅವರು ವೈದ್ಯರಲ್ಲ, ಪರಿಷತ್ತಿನ ಕೈಗೆ ಸಿಗುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಿ. ಮರಿ ಮಾರುವ ಅಂಗಡಿಯ ವಿಷಯವಾದರೆ 2018ರ ಪೆಟ್ ಶಾಪ್ ನಿಯಮಗಳಿವೆ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ ಬರೆಯಿರಿ.

ಫೇಸ್‌ಬುಕ್‌ನಲ್ಲಿ ಡಾಕ್ಟರ ಹೆಸರು, ಫೋಟೋ ಹಾಕಿ ಬರೆದುಬಿಡ್ಲಾ?

ಮೊದಲು ದೂರು ಕೊಡಿ. "ಇವನು ಕೊಲೆಗಾರ" ಎಂದು ಬರೆದರೆ ಮಾನನಷ್ಟದ ನೋಟಿಸ್ ಬರಬಹುದು, ಆಗ ನಿಮ್ಮ ಸಮಯ, ಹಣ ಎಲ್ಲ ಅದಕ್ಕೇ ಹೋಗುತ್ತದೆ. ನಿಮ್ಮ ಅನುಭವವನ್ನು ದಿನಾಂಕದೊಂದಿಗೆ ಇದ್ದದ್ದು ಇದ್ದ ಹಾಗೆ ಬರೆಯುವುದು ಬೇರೆ, ಹಣೆಪಟ್ಟಿ ಹಚ್ಚುವುದು ಬೇರೆ.

ನಾವು ಅಮೆರಿಕದಲ್ಲಿದ್ದೀವಿ, ಮಗಳು ಲಂಡನ್‌ನಲ್ಲಿದ್ದಾಳೆ. ಅಲ್ಲಿ ಹೇಗೆ?

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದು ಬೋರ್ಡ್. ಬೇ ಏರಿಯಾದವರಾದರೆ ಕ್ಯಾಲಿಫೋರ್ನಿಯಾ ವೆಟರ್ನರಿ ಮೆಡಿಕಲ್ ಬೋರ್ಡ್. ಬ್ರಿಟನ್ನಿನಲ್ಲಿ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್, 1844ರಿಂದ ಇರುವ ಸಂಸ್ಥೆ. ಅವರು ನೋಡುವುದು ವೃತ್ತಿಯಿಂದ ಹೊರಗಿಡುವಷ್ಟು ಗಂಭೀರ ದುರ್ನಡತೆಯನ್ನು ಮಾತ್ರ. ಬಿಲ್ಲಿನ ಜಗಳ, ಸಣ್ಣ ಅಸಮಾಧಾನಗಳಿಗೆ ಅಲ್ಲಿ ಉಚಿತವಾಗಿ ರಾಜಿ ಮಾಡಿಸುವ ಒಂದು ಬೇರೆ ವ್ಯವಸ್ಥೆಯಿದೆ. ಅದು ನಮ್ಮಲ್ಲೂ ಬಂದರೆ ಎಷ್ಟು ಚೆನ್ನ ಅನ್ನಿಸುತ್ತದೆ. ಎರಡೂ ದೇಶಗಳಲ್ಲೂ ಈ ಸಂಸ್ಥೆಗಳು ಹಣ ವಾಪಸ್ ಕೊಡಿಸುವುದಿಲ್ಲ.

ಪರಿಷತ್ತು ನನ್ನ ದೂರನ್ನ ತಳ್ಳಿಹಾಕಿತು. ಇಲ್ಲಿಗೆ ಮುಗೀತಾ?

ಮೊದಲು ಆದೇಶದ ಪ್ರತಿ ಪಡೆದು ಕಾರಣ ಓದಿ. "ಸಾಕ್ಷಿ ಸಾಲದು" ಅನ್ನುವುದಕ್ಕೂ "ವೈದ್ಯರ ತಪ್ಪಿಲ್ಲ" ಅನ್ನುವುದಕ್ಕೂ ವ್ಯತ್ಯಾಸವಿದೆ. ಹೊಸ ದಾಖಲೆ ಸಿಕ್ಕಿದ್ದರೆ ಅದನ್ನಿಟ್ಟು ಮತ್ತೆ ಬರೆಯಿರಿ. ನಿಮ್ಮ ಮಾತನ್ನೇ ಕೇಳದೆ, ಕಾರಣವನ್ನೇ ಕೊಡದೆ ಮುಚ್ಚಿದ್ದರೆ ಸಂವಿಧಾನದ 226ನೇ ವಿಧಿಯ ಪ್ರಕಾರ ಹೈಕೋರ್ಟಿಗೆ ಹೋಗುವ ದಾರಿಯಿದೆ. ಅದಕ್ಕೆ ವಕೀಲರು ಬೇಕು, ಖರ್ಚೂ ಇದೆ. 2 ವರ್ಷ ಮುಗಿದಿಲ್ಲದಿದ್ದರೆ ಗ್ರಾಹಕ ಆಯೋಗದ ಬಾಗಿಲು ಇನ್ನೂ ತೆರೆದಿದೆ. ಎಲ್ಲ ವಿಷಯಕ್ಕೂ ತಜ್ಞರ ಅಭಿಪ್ರಾಯ ಬೇಕೇಬೇಕು ಅಂತಿಲ್ಲ, ತಪ್ಪು ಎದ್ದು ಕಾಣುವಂತಿದ್ದರೆ ಕಾಗದಗಳೇ ಸಾಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿ. ಕಿಷನ್ ರಾವ್ ಪ್ರಕರಣದಲ್ಲಿ ಹೇಳಿದೆ. ಪರಿಷತ್ತಿನ ಆದೇಶದ ಪ್ರತಿಯನ್ನು ಆಯೋಗಕ್ಕೆ ಹೋಗುವಾಗ ಮರೆಯದೆ ಜೊತೆಗಿಡಿ. ಎದುರಿನವರು ಅದನ್ನು ತಂದೇ ತರುತ್ತಾರೆ, ನೀವೇ ಮೊದಲು ಇಡುವುದು ಒಳ್ಳೆಯದು.